ಜಾಲಿಗಿಡದ ಕೆಳಗೆ ಮಲಗಿದ ಪ್ರವಾದಿ



ಕಾಲೇಜಿಗೆ ಹೋಗುವ ಮಗ ಬಾಗಿಲು ಹಾಕಿಕೊಂಡು ಮಲಗಿದ್ದಾನೆ. ಊಟ ಬೇಡ, ಗೆಳೆಯರು ಬೇಡ, ರಾತ್ರಿ ನಿದ್ದೆಯಿಲ್ಲ. ಭಾನುವಾರದ ಪೂಜೆಗೂ ಬರುವುದಿಲ್ಲ. ಆಗ ನಾವು ಏನು ಹೇಳುತ್ತೇವೆ? "ನಿನಗೇನು ಕಡಿಮೆಯಾಗಿದೆ? ಜಪಸರ ಹೇಳು, ಎಲ್ಲ ಸರಿಹೋಗುತ್ತದೆ." ಅವನಿಗೆ ಕೇಳಿಸುವುದು ಮಾತ್ರ ಬೇರೆ: ನಿನ್ನ ವಿಶ್ವಾಸ ಸಾಲದು, ತಪ್ಪು ನಿನ್ನದೇ.

ಖಿನ್ನತೆ ವಿಶ್ವಾಸದ ಕೊರತೆಯೇ? ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯ ತೆರೆದು ನೋಡಿ. ಕಾರ್ಮೆಲ್ ಬೆಟ್ಟದ ಮೇಲೆ ಪ್ರಾರ್ಥಿಸಿ ಆಕಾಶದಿಂದ ಬೆಂಕಿ ಇಳಿಸಿದ ಎಲೀಯನೇ, ಮರುಭೂಮಿಯ ಗಿಡವೊಂದರ ಕೆಳಗೆ ಕುಳಿತು ತನ್ನ ಪ್ರಾಣವನ್ನು ತೆಗೆದುಕೊಳ್ಳೆಂದು ದೇವರನ್ನು ಬೇಡುತ್ತಾನೆ. ಅವನಿಗೆ ಯಾವ ಕಾಯಿಲೆಯಿತ್ತೆಂದು ಹೇಳುವುದು ನಮ್ಮ ಕೆಲಸವಲ್ಲ. ಆದರೆ ದೇವರು ಮಾಡಿದ್ದೇನು? ಗದರಿಸಲಿಲ್ಲ. ದೂತನನ್ನು ಕಳುಹಿಸಿ ರೊಟ್ಟಿ, ನೀರು ಕೊಟ್ಟರು. ಎಲೀಯ ಉಂಡು ಮತ್ತೆ ಮಲಗಿದ. ದೂತ ಬೇಸರಪಡದೆ ಎರಡನೆಯ ಸಲ ಬಂದ. ಹೋರೇಬಿನ ಮೆಲುದನಿ ಕೇಳಿಸಿದ್ದು ಆಮೇಲೆ.

ದುಃಖ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಆದರೆ ಎರಡು ವಾರಗಳಾದರೂ ಬಿಡದ ಮಂಕು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ದೆ ಹಸಿವುಗಳು ಕೆಡುವುದು, ತಾನು ಯಾರಿಗೂ ಬೇಡವೆಂಬ ಭಾವನೆ, ಇವು ಕಾಯಿಲೆಯ ಲಕ್ಷಣಗಳು. ಆಪ್ತಸಲಹೆಯಿಂದ, ಅಗತ್ಯವಿದ್ದರೆ ಔಷಧಿಯಿಂದ ಗುಣ ಕಾಣಬಹುದು. ಔಷಧಿಯ ಫಲ ಕಾಣಲು ಕೆಲವು ವಾರಗಳು ಬೇಕು. ವೈದ್ಯರನ್ನು ಕೇಳದೆ ನಿಲ್ಲಿಸಬಾರದು. "ಸಾಯಬೇಕೆನಿಸುತ್ತದೆಯೇ?" ಎಂದು ಪ್ರೀತಿಯಿಂದ ಕೇಳಲು ಹೆದರಬೇಡಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ; ಹೇಳಿಕೊಂಡರೆ ಭಾರ ಇಳಿಯುತ್ತದೆ. ಹೌದೆಂದರೆ ಅವನನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ದೂರವಾಣಿ 14416 ಉಚಿತ. ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು.

"ಜನ ಏನೆಂದಾರು? ನಾಳೆ ಮದುವೆ ಆಗಬೇಡವೇ?" ಎಂಬ ಅಳುಕು ನಮ್ಮದು. ಅದಕ್ಕೆ ಬೆಲೆ ತೆರುವವರು ಮಕ್ಕಳು. ತೀವ್ರ ಮಾನಸಿಕ ವೇದನೆ ಮನುಷ್ಯನ ಹೊಣೆಯನ್ನು ತಗ್ಗಿಸುತ್ತದೆಂದು 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ; ಜೀವ ಕಳೆದುಕೊಂಡವರ ರಕ್ಷಣೆಯ ಬಗ್ಗೆಯೂ ನಿರಾಶರಾಗಬೇಡಿ ಎನ್ನುತ್ತದೆ. ಧರ್ಮಸಭೆಯೇ ತೀರ್ಪು ಕೊಡದಿರುವಾಗ ನಾವು ಯಾರು?

ಪ್ರಾರ್ಥನೆ ಬೇಡವೆಂದಲ್ಲ. ಅವನಿಗೆ ಪ್ರಾರ್ಥಿಸಲು ಆಗದ ದಿನ ಅವನಿಗಾಗಿ ನೀವು ಪ್ರಾರ್ಥಿಸಿ. ಇಂದು ರಾತ್ರಿ ಆ ಬಾಗಿಲನ್ನು ಮೆಲ್ಲಗೆ ತಟ್ಟಿ. ಉಪದೇಶ ಬೇಡ, ಒಂದು ತಟ್ಟೆ ಬಿಸಿ ಊಟ, ಒಂದು ಲೋಟ ನೀರು ಸಾಕು. ಅವನು ಮಗ್ಗುಲು ಬದಲಿಸಿ ಮಲಗಿದರೆ ನಾಳೆ ಮತ್ತೆ ಹೋಗಿ. ದೂತನೂ ಎರಡು ಸಲ ಬಂದಿದ್ದ.