ಎಲ್ಲೆಯಾಚೆಯ ಬಣ್ಣಗಳು

ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಸ್ವಲ್ಪ ದೂರಕ್ಕೆ ಬೆಂಗಳೂರಿನ ಪಾಲಿಕೆಗಳ ಎಲ್ಲೆ ಮುಗಿಯುತ್ತದೆ. ಯೋಜನೆಯ ಎಲ್ಲೆ ಅಲ್ಲಿ ಮುಗಿಯುವುದಿಲ್ಲ. 1985ರ ಕಾಯ್ದೆಯಿಂದ ಹುಟ್ಟಿದ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿ ಸುಮಾರು 8,000 ಚದರ ಕಿ.ಮೀ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ರಾಗಿ ಹೊಲ, ಹಿಪ್ಪುನೇರಳೆ ತೋಟ ಎಲ್ಲವೂ ಅದರೊಳಗೇ.

*

ಇಲ್ಲಿನ ಹಳ್ಳಿಯವರು ಮನೆ ಕಂದಾಯ ಕಟ್ಟುವುದು, ವೋಟು ಹಾಕುವುದು ಪಂಚಾಯಿತಿಗೆ. ಹೊಲ ಯಾವ ವಲಯಕ್ಕೆ ಸೇರಬೇಕೆಂದು ತೀರ್ಮಾನಿಸುವುದು ಸರ್ಕಾರ ನೇಮಿಸಿದ ಪ್ರಾಧಿಕಾರ.

*

ಮಾಸ್ಟರ್ ಪ್ಲಾನಿನ ನಕ್ಷೆಯಲ್ಲಿ ಹಳದಿ ಎಂದರೆ ವಾಸ, ಹಸಿರು ಎಂದರೆ ಕೃಷಿ. ಒಂದೇ ಬದುವಿನ ಆಚೀಚೆ ಎರಡು ಬಣ್ಣ ಬಿದ್ದರೆ ಅಣ್ಣನ ಎಕರೆಗೊಂದು ಬೆಲೆ, ತಮ್ಮನ ಎಕರೆಗೊಂದು ಬೆಲೆ. ಮಣ್ಣು ಅದೇ, ಬೋರ್‌ವೆಲ್ ನೀರೂ ಅದೇ. ಅಣ್ಣನ ಜಮೀನಿನಲ್ಲಿ ಲೇಔಟಿನ ಕಾಂಪೌಂಡು ಏಳುವಾಗ ತಮ್ಮ ಭೂ ಪರಿವರ್ತನೆಯ ಅರ್ಜಿ ಹಿಡಿದು ಕಚೇರಿ ಸುತ್ತುತ್ತಾನೆ. ಈ ಅಂತರಕ್ಕೆ ಕಾರಣವೇನೆಂದು ಇಬ್ಬರಿಗೂ ಯಾರೂ ಕೂತು ವಿವರಿಸಿರುವುದಿಲ್ಲ. ವಿವರಿಸಬೇಕು. ಅಷ್ಟನ್ನು ಕೇಳುವ ಹಕ್ಕು ಅವರಿಗಿದೆ.

*

ಯಾವ ನಿಯಂತ್ರಣವೂ ಬೇಡ ಎನ್ನುವವರು ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ ಜಲಾಶಯವನ್ನು ನೋಡಿ ಬರಲಿ. ಅದನ್ನು ತುಂಬಿಸುವ ಅರ್ಕಾವತಿ ನದಿ ಸೊರಗಿದ ಮೇಲೆ, 2003ರಲ್ಲಿ, ಜಲಾನಯನದ ಕಟ್ಟಡಗಳಿಗೆ ಕಡಿವಾಣ ಹಾಕುವ ಆದೇಶ ಬಂತು. ಆದೇಶ ಸರಿಯಾದದ್ದೇ. ಬಂದದ್ದು ತಡವಾಗಿ.

*

ವೃಷಭಾವತಿ ನದಿ ನಗರದ ಕೊಳಚೆಯನ್ನು ಬಿಡದಿ ಬಳಿಯ ಬೈರಮಂಗಲ ಕೆರೆಗೆ ತಂದು ಸುರಿಯುತ್ತದೆ. ಯೋಜನೆಯ ಅಧಿಕಾರ ಅಷ್ಟು ದೂರ ಬರುವುದಾದರೆ ಹೊಣೆಗಾರಿಕೆಯೂ ಬರಬೇಕು.

*

ಬಿಡದಿ ಟೌನ್‌ಶಿಪ್ಪಿನ ಮಾತು ಶುರುವಾದದ್ದು 2006ರ ಸುಮಾರಿಗೆ. ಏಳು ಸಾವಿರಕ್ಕೂ ಹೆಚ್ಚು ಎಕರೆಗೆ ಭೂಸ್ವಾಧೀನದ ಅಧಿಸೂಚನೆ ಬಂದದ್ದು 2025ರಲ್ಲಿ. ಮಾವಿನ ಸಸಿ ಫಲ ಕೊಡಲು ವರ್ಷಗಳು ಬೇಕು. ಜಮೀನು ಉಳಿಯುತ್ತದೋ ಹೋಗುತ್ತದೋ ತಿಳಿಯದವನು ಯಾವ ಧೈರ್ಯದಿಂದ ಗುಂಡಿ ತೋಡಬೇಕು? ಪರಿಹಾರದ ಲೆಕ್ಕದಲ್ಲಿ ನೆಡದೇ ಉಳಿದ ಮರಗಳಿಗೆ ಜಾಗವಿಲ್ಲ.

*

2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಂಪುಟ ಒಪ್ಪಿತು. ಹೆಸರು ಕೊಟ್ಟವರು ಒಳಚರಂಡಿಯನ್ನೂ ಕೊಡಲಿ.

*

ಯೋಜನೆಯಲ್ಲಿ ಹಳ್ಳಿಯ ದನಿ ಕೇಳಿಸುವ ದಾರಿ ಸಂವಿಧಾನದಲ್ಲೇ ಇದೆ. ಮಹಾನಗರ ಯೋಜನಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮೂರರಲ್ಲಿ ಎರಡು ಪಾಲನ್ನು ಪಾಲಿಕೆ, ನಗರಸಭೆ, ಪುರಸಭೆಗಳ ಚುನಾಯಿತ ಸದಸ್ಯರೂ ಪಂಚಾಯಿತಿ ಅಧ್ಯಕ್ಷರೂ ತಮ್ಮೊಳಗಿನಿಂದಲೇ ಆರಿಸಬೇಕು ಎನ್ನುತ್ತದೆ 1992ರ 74ನೇ ತಿದ್ದುಪಡಿ. ಹಳ್ಳಿಯ ಭೂಮಿಯ ಮಾತು ನಡೆಯುವಲ್ಲಿ ಹಳ್ಳಿಯವರಿಗೆ ಕುರ್ಚಿ ಇರಲೇಬೇಕು.

*

ಕರಡು ನಕ್ಷೆ ಪ್ರಕಟವಾದಾಗ ನಿಮ್ಮ ಸರ್ವೆ ನಂಬರಿಗೆ ಯಾವ ಬಣ್ಣ ಬಿದ್ದಿದೆ ನೋಡಿ. ಗ್ರಾಮಸಭೆಯಲ್ಲಿ ಅದನ್ನು ಹರಡಿ ಎಲ್ಲರಿಗೂ ತೋರಿಸಿ. ಗಡುವು ಮುಗಿಯುವ ಮೊದಲೇ ಆಕ್ಷೇಪಣೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.