ರುದ್ರಾಕ್ಷಿಗೆ ದಾರವೋ ತಂತಿಯೋ

ರುದ್ರಾಕ್ಷಿ ಅಥವಾ ತುಳಸಿ ಮಣಿಯನ್ನು ಮನೆಯಲ್ಲೇ ಪೋಣಿಸುವವರಿಗೆ ಮೊದಲು ಎದುರಾಗುವ ಪ್ರಶ್ನೆ, ದಾರವೋ ತಂತಿಯೋ ಎಂಬುದು. ಬೆಂಗಳೂರಿನ ಬಸವೇಶ್ವರನಗರ, ವಿಜಯನಗರಗಳ ಲಿಂಗಾಯತ ಮನೆಗಳಿಗೆ ರುದ್ರಾಕ್ಷಿ ಅಷ್ಟಾವರಣಗಳಲ್ಲಿ, ಅಂದರೆ ಭಕ್ತನನ್ನು ಕಾಯುವ ಎಂಟು ಹೊದಿಕೆಗಳಲ್ಲಿ, ಒಂದು. ರಾಜಾಜಿನಗರದ ಗುಡ್ಡದ ಮೇಲೆ 1997ರಲ್ಲಿ ತೆರೆದ ಇಸ್ಕಾನ್ ಮಂದಿರದ ಭಕ್ತರ ಕೊರಳಲ್ಲಿ ತುಳಸಿಯ ಕಂಠಿಮಾಲೆ. ಎರಡೂ ಸಸ್ಯಜನ್ಯ, ಎರಡೂ ಹಗಲಿರುಳು ಮೈಬೆವರು ಕುಡಿಯುವಂಥವು. ಆಯ್ಕೆ ಕೈಕೆಲಸದ್ದೇ ಆದರೂ ಅದರೊಳಗೆ ತತ್ತ್ವದ ಪ್ರಶ್ನೆಯೊಂದಿದೆ: ಪಾವಿತ್ರ್ಯ ಮಣಿಯದ್ದಾದರೆ, ಅದನ್ನು ಹಿಡಿದಿರುವ ಎಳೆಯ ಸ್ಥಾನವೇನು?

ಬೃಹದಾರಣ್ಯಕ ಉಪನಿಷತ್ತಿನ ಮೂರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿ ಯಾಜ್ಞವಲ್ಕ್ಯನನ್ನು ಇದಕ್ಕೆ ಹತ್ತಿರದ್ದನ್ನೇ ಕೇಳುತ್ತಾನೆ. ಇಹ, ಪರ, ಸಕಲ ಜೀವಿಗಳನ್ನು ಕೋದಿರುವ ಸೂತ್ರ ಯಾವುದು? ವಾಯು ಎಂಬುದು ಉತ್ತರ. ಸತ್ತವನ ಅಂಗಾಂಗಗಳು ಸಡಿಲವಾದವೆಂದು ಜನ ಹೇಳುವುದು ಆ ಸೂತ್ರ ಕಳಚಿದ್ದರಿಂದ. ಗೀತೆಯ ಏಳನೆಯ ಅಧ್ಯಾಯದಲ್ಲಿಯೂ ಜಗತ್ತೆಲ್ಲ ಮಣಿಗಳ ಸಾಲು, ಕೃಷ್ಣ ಅವುಗಳೊಳಗೆ ಹಾದ ದಾರ. ಹೀಗಿರುವಾಗ ಎಳೆಯನ್ನು ಬರಿಯ ಸಾಧನವೆಂದು ಬದಿಗಿಡಲಾಗದು. ಕಣ್ಣಿಗೆ ಬೀಳದೆ ಒಳಗಿದ್ದು, ಮಣಿಯನ್ನು ನೋಯಿಸದೆ ಹಿಡಿಯುವ ಎಳೆಯೇ ಈ ಮಾತಿಗೆ ತಕ್ಕದ್ದು.

ಈ ಅಳತೆಗೋಲಿನಲ್ಲಿ ಲೋಹಗಳು ಬೇರೆಬೇರೆಯಾಗಿ ತೂಗುತ್ತವೆ. ತಾಮ್ರ ಅಗ್ಗ, ಬೆರಳಿಗೆ ಸುಲಭವಾಗಿ ಬಗ್ಗುತ್ತದೆ. ಬೆವರು ತಗುಲಿದರೆ ಕಿಲುಬು ಹಿಡಿದು ಚರ್ಮಕ್ಕೆ ಹಸಿರು ಅಂಟುತ್ತದೆ. ತಾಮ್ರ, ಸತು ಬೆರೆತ ಹಿತ್ತಾಳೆ ಇನ್ನಷ್ಟು ಗಡುಸು. ಬೆಳ್ಳಿ ಗಾಳಿಯಲ್ಲಿನ ಗಂಧಕದಿಂದ ಕಪ್ಪಾಗುತ್ತದೆ, ಆದರೆ ಉಜ್ಜಿದರೆ ಮತ್ತೆ ಬೆಳಗುತ್ತದೆ. ಅಪ್ಪಟ ಬೆಳ್ಳಿ ಮೆತ್ತಗಿರುವುದರಿಂದ ಕೊಂಡಿಗಳಿಗೆ ಶೇ. 92.5ರ ಬೆಳ್ಳಿಯೇ ವಾಸಿ. ಶೇ. 91.6 ಚಿನ್ನವಿರುವ 22 ಕ್ಯಾರಟ್ ತಂತಿ ಬಣ್ಣಗೆಡದು. ಅಗ್ಗದ ಮಿಶ್ರಲೋಹದಲ್ಲಿ ನಿಕ್ಕಲ್ ಇದ್ದರೆ ಕೆಲವರಿಗೆ ಕತ್ತು ಕೆರೆಯುತ್ತದೆ.

ದಪ್ಪವೂ ಮುಖ್ಯ. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು. ಗೇಜಿಗೆ ಒಂದಕ್ಕಿಂತ ಹೆಚ್ಚು ಪದ್ಧತಿಗಳಿರುವುದರಿಂದ ಅಂಗಡಿಯಲ್ಲಿ ಮಿಲಿಮೀಟರಿನಲ್ಲೇ ಕೇಳುವುದು ಕ್ಷೇಮ. ಕೊಂಡಿ ಮಡಿಸಲು ಸುಮಾರು 0.8 ಮಿ.ಮೀ., ಸಣ್ಣ ಮಣಿಗೆ 0.5 ಮಿ.ಮೀ. ಹೊಂದುತ್ತದೆ. ಯಾವ ತಂತಿಯೇ ಆಗಲಿ, ಒಂದೇ ಕಡೆ ಮತ್ತೆ ಮತ್ತೆ ಬಗ್ಗಿಸಿದರೆ ಗಡುಸಾಗಿ ಮುರಿಯುತ್ತದೆ. ಅಕ್ಕಸಾಲಿಗರು ನಡುನಡುವೆ ಕಾಯಿಸಿ ಅದನ್ನು ಮೆತ್ತಗಾಗಿಸುತ್ತಾರೆ.

ಆದರೂ ರುದ್ರಾಕ್ಷಿ, ತುಳಸಿಗಳಿಗೆ ಹತ್ತಿ ಅಥವಾ ರೇಷ್ಮೆಯ ದಾರವೇ ಮೇಲು. ಬಿಗಿದ ತಂತಿ ಮಣಿಯ ರಂಧ್ರವನ್ನು ಒಳಗಿನಿಂದ ಸವೆಸುತ್ತದೆ. ತುಳಸಿಯ ಸಣ್ಣ ಮಣಿಯಂತೂ ಸೀಳಿಯೇ ಹೋಗಬಹುದು. ದಾರವಾದರೋ ತಾನು ಸವೆದು ಮಣಿಯನ್ನು ಉಳಿಸುತ್ತದೆ. ದಾರ ಬಾಳಿಕೆ ಬರುವುದಿಲ್ಲ ಎಂಬ ಆಕ್ಷೇಪ ನಿಜವೇ, ಆದರೆ ಧಾರ್ಮಿಕ ದೃಷ್ಟಿಯಿಂದ ಅದು ಕೊರತೆಯಲ್ಲ. ಇಷ್ಟಲಿಂಗವನ್ನು ಇಡುವ ಕರಡಿಗೆ ಬೆಳ್ಳಿಯದಾಗಿದ್ದರೂ ಅದನ್ನು ಎದೆಯ ಮೇಲೆ ಹೊರುವುದು ಶಿವದಾರ; ಹಳೆಯದಾದ ಶಿವದಾರವನ್ನು ಬದಲಿಸಿದರೆ ಲಿಂಗಧಾರಣೆಗೆ ಭಂಗವಿಲ್ಲ. ಮಾಂಗಲ್ಯವನ್ನೂ ಧಾರೆಯ ಹೊತ್ತಿಗೆ ಅರಿಸಿನದ ದಾರದಲ್ಲೇ ಕಟ್ಟುವುದು ಹಲವು ಮನೆತನಗಳ ರೂಢಿ, ಚಿನ್ನದ ಸರ ಆಮೇಲಿನದು. ಸರ ತುಂಡಾದರೆ ದಾರಕ್ಕೆ ಅರಿಸಿನದ ಕೊಂಬು ಕಟ್ಟಿಕೊಂಡರೂ ಸಾಕು. ಹನ್ನೆರಡನೆಯ ಶತಮಾನದ ಶರಣರು ನಿಂತಲ್ಲೇ ನಿಲ್ಲುವ ಸ್ಥಾವರಕ್ಕಿಂತ ಚಲಿಸುವ ಜಂಗಮವನ್ನು ಮೇಲಿಟ್ಟವರು. ಹೊಸದಾಗುತ್ತಲೇ ಹಿಡಿತ ಬಿಡದ ದಾರ ಆ ವಿಚಾರಕ್ಕೆ ಹತ್ತಿರ. ಬೆಳ್ಳಿ ಕಟ್ಟಿಸಿದ ರುದ್ರಾಕ್ಷಿ ತಪ್ಪೆಂದಲ್ಲ. ಕೊಂಡಿ ಸಡಿಲವಾಗಿದ್ದು ಮಣಿ ಸಲೀಸಾಗಿ ತಿರುಗುವಂತಿದ್ದರೆ ಸಾಕು. ಜಪಮಾಲೆಗೆ ಮಾತ್ರ ತಂತಿ ಸಲ್ಲದು: 108 ಮಣಿಗಳೂ ಬೆರಳ ಕೆಳಗೆ ಒಂದೊಂದಾಗಿ ಸರಿಯಬೇಕು.

ಸವೆದ ದಾರವನ್ನು ಹರಿಯುವ ನೀರಿಗೆ ಬಿಡುವುದು ಹಳೆಯ ಪದ್ಧತಿ. ಆದರೆ ಕೆಂಗೇರಿಯ ಬಳಿ ಹರಿಯುವ ವೃಷಭಾವತಿ ನದಿಯಲ್ಲಿ ಇಂದು ಇರುವುದು ಊರ ಕೊಳಚೆ. ಹತ್ತಿ, ರೇಷ್ಮೆಯ ದಾರವನ್ನು ಗಿಡದ ಬುಡದಲ್ಲಿ ಹೂಳಬಹುದು, ಮಣ್ಣಾಗುತ್ತದೆ. ನೈಲಾನ್ ಹಾಗೆ ಕರಗದು. ಪೂಜೆಯ ಮಣಿಗೆ ಅದನ್ನು ಬಳಸದಿರಲು ಇದೊಂದೇ ಕಾರಣ ಸಾಕು. ಬೆಳ್ಳಿ, ಚಿನ್ನದ ತುಣುಕುಗಳು ಅಕ್ಕಸಾಲಿಗರ ಮೂಸೆಗೆ ಹೋಗಿ ಮತ್ತೆ ತಂತಿಯಾಗುತ್ತವೆ.