ಕಾಸಿನ ಮೇಲಿನ ತಾತ

"ತಾತ, ಇವರು ಯಾರು ಹೇಳು ನೋಡೋಣ?"

ಏಪ್ರಿಲ್ ರಜೆಯ ಮೊದಲ ಬೆಳಿಗ್ಗೆ, ರಾಜಾನುಕುಂಟೆಯ ನಮ್ಮ ಮನೆಯ ಜಗಲಿಯ ಮೇಲೆ ಮಗಳು ಅಪ್ಪಾಜಿಯ ಅಂಗೈಗೆ ಒಂದು ಕಾಸು ಹಾಕಿದಳು. ಏಳು ಮೂಲೆಯ ನಮ್ಮ ಮಾರಿಷಸ್ಸಿನ ಹತ್ತು ರೂಪಾಯಿ. ವಿಮಾನ ಹತ್ತುವಾಗ ಅವಳ ಪುಟ್ಟ ಪರ್ಸಿನಲ್ಲೇ ಉಳಿದುಬಿಟ್ಟಿತ್ತು. ಒಂದು ಕಡೆ ಕಬ್ಬು, ಇನ್ನೊಂದು ಕಡೆ ಒಬ್ಬ ಹಿರಿಯರ ಮುಖ. ಯಲಹಂಕದ ರೈಲ್ವೆ ಗಾಲಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅಪ್ಪಾಜಿ ಮೊದಲು ಅದರ ಲೋಹ ನೋಡಿದರು, ಅಂಚು ಸವರಿದರು, ಆಮೇಲೆ ಮುಖ ನೋಡಿದರು.

"ಗಾಂಧಿ ತಾತ ಅಲ್ಲ. ನೆಹರೂನೂ ಅಲ್ಲ. ಯಾರೋ ದೊಡ್ಡ ಮನುಷ್ಯರು ಕಣಮ್ಮ."

"ರಾಮ್‌ಗುಲಾಮ್ ತಾತ! ನಮಗೆ ಸ್ವಾತಂತ್ರ್ಯ ತಂದುಕೊಟ್ಟವರು."

'ನಮಗೆ' ಎಂದಳು. ಒಳಗೆ ಮುದ್ದೆಗೆ ಎಸರಿಡುತ್ತಿದ್ದ ಅಮ್ಮನಿಗೆ ಅದು ಕೇಳಿಸಿತೋ ಇಲ್ಲವೋ, ನನಗೆ ಕೇಳಿಸಿತು. ಅಪ್ಪಾಜಿಗೂ ಕೇಳಿಸಿತು. ಅವರು ಅದನ್ನು ಎತ್ತಿ ಆಡಲಿಲ್ಲ. "ಹೌದಾ? ಹೆಂಗೆ ತಂದರು, ಹೇಳು ಕೇಳಾಣ" ಎಂದು ಕಾಲು ಮಡಚಿ ಕೂತರು. ಒಂಬತ್ತು ವರ್ಷದ ಹುಡುಗಿ ಇಪ್ಪತ್ತು ನಿಮಿಷ ಹೇಳಿದಳು. ನಡುನಡುವೆ ಕ್ರಿಯೋಲ್ ಮಾತು ನುಗ್ಗಿತು, ಎರಡು ಕಡೆ ಫ್ರೆಂಚ್ ಬಂತು, ಆದರೆ ಕತೆ ಕನ್ನಡದಲ್ಲೇ ನಡೆಯಿತು. ನನಗೆ ಹೆಮ್ಮೆಯಾಯಿತು ಎಂದು ಇಲ್ಲಿ ಬರೆಯಲು ಸಂಕೋಚವಿಲ್ಲ.

ಅವಳು ಹೇಳಿದ್ದು ನಮಗೆಲ್ಲ ತಿಳಿದದ್ದೇ. ಸರ್ ಶಿವಸಾಗರ ರಾಮ್‌ಗುಲಾಮ್ ಹುಟ್ಟಿದ್ದು 1900ರ ಸೆಪ್ಟೆಂಬರ್ 18ರಂದು, ಫ್ಲಾಕ್ ಜಿಲ್ಲೆಯ ಬೆಲ್ ರೀವ್‌ನಲ್ಲಿ. ಅವರ ತಂದೆ ಮೋಹಿತ್ ಬಿಹಾರದಿಂದ ಕಬ್ಬಿನ ತೋಟಕ್ಕೆ ಕೂಲಿಗೆ ಬಂದವರು. ಹುಡುಗನಿಗೆ ಏಳು ವರ್ಷವಾದಾಗ ತಂದೆ ಹೋದರು. ಹನ್ನೆರಡರ ಹೊತ್ತಿಗೆ ದನದ ಕೊಟ್ಟಿಗೆಯಲ್ಲಿ ಆದ ಅಪಘಾತದಲ್ಲಿ ಎಡಗಣ್ಣು ಹೋಯಿತು. ಅಂಥ ಹುಡುಗ ಲಂಡನ್ನಿಗೆ ಹೋಗಿ ವೈದ್ಯನಾಗಿ, ಹದಿನಾಲ್ಕು ವರ್ಷ ಅಲ್ಲಿದ್ದು, 1935ರಲ್ಲಿ ದ್ವೀಪಕ್ಕೆ ಮರಳಿದ. 1940ರಿಂದ ಶಾಸನಸಭೆಯಲ್ಲಿ ಕೂತು, ಕೂಲಿಯವರ ಮಕ್ಕಳಿಗೂ ಮತ ಬೇಕೆಂದು ಹಟ ಹಿಡಿದು, ಕೊನೆಗೆ 1968ರ ಮಾರ್ಚ್ 12ರಂದು ಶಾಂ ದ ಮಾರ್ಸ್ ಮೈದಾನದಲ್ಲಿ ನಾಲ್ಕು ಬಣ್ಣದ ಬಾವುಟ ಏರಿದಾಗ ಮೊದಲ ಪ್ರಧಾನಿಯಾಗಿ ಅಲ್ಲಿ ನಿಂತಿದ್ದ.

"ಒಂದೇ ಕಣ್ಣಲ್ಲಿ ಅಷ್ಟೆಲ್ಲ ಓದಿದರಾ?" ಎಂದರು ಅಪ್ಪಾಜಿ. ಅವರಿಗೆ ಹಿಡಿಸಿದ್ದು ಅದು. ಆಮೇಲೆ ಕೇಳಿದರು:

"ಸರಿ ಪುಟ್ಟಿ. ಹಂಗಾದ್ರೆ ಈ ಸೀಮೆಗೆ ಸ್ವಾತಂತ್ರ್ಯ ತಂದುಕೊಟ್ಟೋರು ಯಾರು, ಹೇಳು?"

"ಗಾಂಧಿ ತಾತ."

"ಗಾಂಧಿ ತಾತ ಸರಿ. ಅವರು ದೇಶಕ್ಕೆಲ್ಲ. ನಮ್ಮ ಕಡೆಯೋರು ಯಾರು?"

ಅವಳು ನನ್ನ ಮುಖ ನೋಡಿದಳು. ನಾನು ರಸ್ತೆ ನೋಡಿದೆ. ದೊಡ್ಡಬಳ್ಳಾಪುರದ ಬಸ್ಸೊಂದು ಹೋಯಿತು.

ಮಾರಿಷಸ್ಸಿನ ನಮ್ಮ ಕನ್ನಡ ಬಳಗದ ಈ ವರ್ಷದ ಯುಗಾದಿ ಯಾಕೆ ಅಷ್ಟು ಸಪ್ಪೆಯಾಗಿತ್ತು ಎಂಬುದು ನನಗೆ ಆ ಜಗಲಿಯ ಮೇಲೆ ಹೊಳೆಯಿತು. ನಿಮಗೆ ನೆನಪಿರಬೇಕು. ಬೇವು ಇತ್ತು, ಬೆಲ್ಲ ಇತ್ತು, ಒಬ್ಬಟ್ಟಿಗೆ ಮೂರು ಮನೆಯವರು ಹಿಂದಿನ ರಾತ್ರಿಯೇ ಹೂರಣ ರುಬ್ಬಿದ್ದರು. ಸರ್ಕಾರಿ ರಜೆಯೂ ಇತ್ತು, ಏಕೆಂದರೆ ಐದಾರು ತಲೆಮಾರುಗಳಿಂದ ಇಲ್ಲಿರುವ ತೆಲುಗರ ಹೊಸ ವರ್ಷವೆಂದು ಮಾರಿಷಸ್ ಅದನ್ನು ಗೌರವಿಸುತ್ತದೆ. ಊಟಕ್ಕೆ ಕೂತಾಗ ಮಗಳು ಕೇಳಿದ್ದಳು, "ಪಪ್ಪಾ, ರಜ ತೆಲುಗು ಅವರದು. ಹಾಗಾದರೆ ಹಬ್ಬ ನಮ್ಮದಾ, ಅವರದಾ?" ಎರಡೂ ಕಡೆಯದು ಎಂದೆ. ಅವಳಿಗೆ ಅದು ಉತ್ತರ ಅನ್ನಿಸಲಿಲ್ಲ. ತೆಲುಗರ ಮಕ್ಕಳಿಗೆ ತಮ್ಮ ಮುತ್ತಜ್ಜ ಯಾವ ತೋಟದಲ್ಲಿ ಕಬ್ಬು ಕಡಿದ ಎಂಬುದು ಗೊತ್ತು. ನನ್ನ ಮಗಳಿಗೆ ಅವಳ ಮುತ್ತಜ್ಜನ ಬಗ್ಗೆ ಹೇಳಲು ನಾನು ಏನನ್ನೂ ಕೊಟ್ಟಿರಲಿಲ್ಲ.

ಹಾಗೆಂದು ಕೊಡಲು ಇಲ್ಲವೆ? ರಾಜಾನುಕುಂಟೆಯಿಂದ ತುಸುವೇ ದೂರ ದೇವನಹಳ್ಳಿ. ಅಲ್ಲಿ ಹುಟ್ಟಿದ ಟಿಪ್ಪು ಬ್ರಿಟಿಷರ ಮೇಲೆ ನೆರವು ಕೇಳಿ ದೂತರನ್ನು ಕಳಿಸಿದ್ದು ಈ ದ್ವೀಪಕ್ಕೇ. ಆಗ ಇದು ಫ್ರೆಂಚರ ಕೈಯಲ್ಲಿತ್ತು. ಗುಟ್ಟಾಗಿ ಬಂದವರನ್ನು ಗವರ್ನರ್ ಮಲಾರ್ತಿಕ್ ತೋಪು ಹಾರಿಸಿ ಬರಮಾಡಿಕೊಂಡ, 1798ರ ಜನವರಿಯಲ್ಲಿ ಸೈನಿಕರು ಬೇಕೆಂದು ಬಹಿರಂಗ ಪ್ರಕಟಣೆಯನ್ನೇ ಹೊರಡಿಸಿದ. ಮಂಗಳೂರಿಗೆ ಹಡಗಿನಲ್ಲಿ ಬಂದಿಳಿದವರು ನೂರು ಮಂದಿಯೂ ಇರಲಿಲ್ಲ. ಆ ಪ್ರಕಟಣೆ ಮಾತ್ರ ಬ್ರಿಟಿಷರಿಗೆ ಯುದ್ಧಕ್ಕೆ ನೆಪವಾಯಿತು, ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಪೋರ್ಟ್ ಲೂಯಿಯಲ್ಲಿ ನಾವು ತರಕಾರಿ ಕೊಳ್ಳುವ ಬೀದಿಗಳ ಹತ್ತಿರದಲ್ಲೇ ಮೈಸೂರಿನ ಚರಿತ್ರೆಯ ಒಂದು ಪುಟ ತಿರುಗಿದೆ. ಇನ್ನೊಂದು ಸಂಗತಿ: ಮಾರಿಷಸ್ ತನ್ನ ಸ್ವಾತಂತ್ರ್ಯಕ್ಕೆ ಮಾರ್ಚ್ 12ನ್ನು ಆರಿಸಿಕೊಂಡದ್ದು 1930ರ ಅದೇ ದಿನ ದಂಡಿ ಯಾತ್ರೆ ಹೊರಟಿತ್ತೆಂಬ ಗೌರವಕ್ಕೆ. ಆ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದ ಕನ್ನಡಿಗ, ಮೋಟೆಬೆನ್ನೂರಿನ ಮೈಲಾರ ಮಹಾದೇವ. ಆಗ ಆತನಿಗೆ ಹದಿನೆಂಟು. ಮುಂದೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದ. ಪ್ರತಿ ಮಾರ್ಚ್ 12ರಂದು ನಮ್ಮ ಮಕ್ಕಳು ಶಾಲೆಯಲ್ಲಿ ಬಾವುಟಕ್ಕೆ ವಂದಿಸುವಾಗ ಮಹಾದೇವನ ಹೆಸರು ಅವರಿಗೆ ಗೊತ್ತಿರಬಹುದಿತ್ತು.

ಮರುದಿನ ಅಪ್ಪಾಜಿ ಬಾಡಿಗೆ ಕಾರು ಹೇಳಿದರು. "ವಿದುರಾಶ್ವತ್ಥಕ್ಕೆ ಹೋಗ್ಬರಾಣ. ಕಾಸು ತಗೋ ಪುಟ್ಟಿ."

ವಿದುರಾಶ್ವತ್ಥ ನನಗೆ ಹೊಸದಲ್ಲ. ತಂಗಿಯ ಮದುವೆ ತಡವಾದಾಗ ನಾಗರಕಲ್ಲು ಪ್ರತಿಷ್ಠೆ ಮಾಡಿಸಲು ಅಲ್ಲಿಗೇ ಹೋಗಿದ್ದೆವು. ಮಹಾಭಾರತದ ವಿದುರ ನೆಟ್ಟನೆಂದು ನಂಬಿಕೆಯಿರುವ ಅಶ್ವತ್ಥದ ಸ್ಥಳ, ಸುತ್ತ ಲೆಕ್ಕವಿಲ್ಲದಷ್ಟು ನಾಗರಕಲ್ಲು. ಪೂಜೆ, ಪ್ರಸಾದ, ಮತ್ತೆ ಬಸ್ಸು. ಅಲ್ಲೇ ಇರುವ ಹುತಾತ್ಮರ ಸ್ತೂಪದ ಕಡೆಗೆ ಒಮ್ಮೆಯೂ ಕಾಲು ಹಾಕಿರಲಿಲ್ಲ. ದೊಡ್ಡಬಳ್ಳಾಪುರ ದಾಟುವಾಗ ಅಪ್ಪಾಜಿ ಹೇಳತೊಡಗಿದರು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ. ತ್ರಿವರ್ಣ ಬಾವುಟ ಏರಿಸಬಾರದೆಂದು ಸರ್ಕಾರದ ಆಜ್ಞೆ. ಅಧ್ಯಕ್ಷರಾಗಿದ್ದ ಟಿ. ಸಿದ್ಧಲಿಂಗಯ್ಯ ಏರಿಸಿದರು, ಬಂಧನಕ್ಕೊಳಗಾದರು. "ಈ ದೊಡ್ಡಬಳ್ಳಾಪುರದ ವಕೀಲರೇ ಕಣಮ್ಮ ಅವರು," ಎಂದರು. ಶಿವಪುರದ ಸುದ್ದಿ ಕೇಳಿ ಊರೂರುಗಳಲ್ಲಿ ಬಾವುಟ ಏರಿದವು. ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಸುತ್ತಲ ಹಳ್ಳಿಗಳ ರೈತರು ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಎಷ್ಟು ಜನ ಸತ್ತರೆಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಜನ ಮೂವತ್ತಕ್ಕೂ ಮೇಲೆ ಎನ್ನುತ್ತಾರೆ. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಆ ಜಾಗಕ್ಕೆ ಹೆಸರಾಯಿತು.

ಮಗಳು ಕೇಳಿದಳು, "ಬ್ರಿಟಿಷ್ ಪೊಲೀಸರಾ?"

"ಅಲ್ಲ ಕಣಮ್ಮ. ನಮ್ಮ ಮೈಸೂರು ಸರ್ಕಾರದ ಪೊಲೀಸರೇ."

"ನಮ್ಮವರೇನಾ?"

ಇಲ್ಲಿಯೂ ಅವಳು 'ನಮ್ಮ' ಎಂದಳು. ಹಿಂದಿನ ದಿನದ 'ನಮಗೆ', ಈ 'ನಮ್ಮವರು', ಎರಡೂ ಒಂದೇ ಬಾಯಿಂದ ಬಂದದ್ದು. ನಾನು ಕಾರಿನ ಕಿಟಕಿಯಿಂದ ದ್ರಾಕ್ಷಿ ಚಪ್ಪರಗಳನ್ನು ನೋಡುತ್ತ ಕೂತೆ. ಅಪ್ಪಾಜಿ ಮಗುವಿಗೆ ಸಂಸ್ಥಾನ ಎಂದರೇನು, ಮಹಾರಾಜರು, ದಿವಾನರು, ಅವರ ಮೇಲೆ ಬ್ರಿಟಿಷರ ರೆಸಿಡೆಂಟ್ ಎಂದು ಬಿಡಿಸಿ ಹೇಳಿದರು. ಗುಂಡು ಹಾರಿದ ಮೇಲೆ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದವಾಗಿ, ಸಂಸ್ಥಾನದ ಬಾವುಟದ ಜೊತೆ ತ್ರಿವರ್ಣವನ್ನೂ ಏರಿಸಬಹುದೆಂದಾಯಿತು. 1947ರ ಆಗಸ್ಟ್ 15 ಬಂದರೂ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬರಲಿಲ್ಲ. ಅದಕ್ಕೆ 'ಮೈಸೂರು ಚಲೋ' ಬೇಕಾಯಿತು. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು.

ಸ್ತೂಪದ ಮುಂದೆ ಮಗಳು ಕಾಸನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಅಲ್ಲಿನ ವೀರಸೌಧದಲ್ಲಿ ಹೋರಾಟದ ಚಿತ್ರಗಳಿವೆ. ಸತ್ತವರಲ್ಲಿ ಗೌರಮ್ಮ ಎಂಬ ಹೆಣ್ಣುಮಗಳೂ ಇದ್ದಳೆಂದು ಅಪ್ಪಾಜಿ ಹೇಳಿದಾಗ ಮಗಳು ತಟ್ಟನೆ, "ಅಂಜಲೆ ಥರಾನಾ?" ಎಂದಳು. ಅಪ್ಪಾಜಿಗೆ ತಿಳಿಯಲಿಲ್ಲ. ನಮಗೆ ತಿಳಿಯುತ್ತದೆ. ಅಂಜಲೆ ಕ್ರೀಡಾಂಗಣಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗದ ಮನೆ ನಮ್ಮಲ್ಲಿ ಯಾವುದಿದೆ? 1943ರ ಸೆಪ್ಟೆಂಬರ್ 27ರಂದು ಬೆಲ್ ವ್ಯೂ ಅರೆಲ್ ತೋಟದಲ್ಲಿ ಕೂಲಿ ಹೆಚ್ಚಿಸಿ ಎಂದ ಕಬ್ಬಿನ ಆಳುಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತ ನಾಲ್ವರಲ್ಲಿ ಅಂಜಲೆ ಕೂಪೆನ್ ತುಂಬು ಬಸುರಿ. ಇನ್ನೊಬ್ಬನಿನ್ನೂ ಹುಡುಗ. ಪುಸ್ತಕದಲ್ಲಿ ಓದಿದ ಆ ಹೆಸರನ್ನು ಮಗಳು ವಿದುರಾಶ್ವತ್ಥಕ್ಕೆ ತಂದು ಗೌರಮ್ಮನ ಪಕ್ಕದಲ್ಲಿಟ್ಟಳು. ಎರಡು ಊರುಗಳ ನಡುವೆ ಹೀಗೊಂದು ದಾರಿಯಿದೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ತಾತ, ಇವರ ಮುಖ ಯಾವ ಕಾಸಿನ ಮೇಲಿದೆ?"

"ಇವರು ಫೋಟೋ ತೆಗೆಸಿಕೊಂಡ ಜನ ಅಲ್ಲ ಕಣವ್ವ. ಹೊಲ ಉಳೋರು. ಮುಖ ಎಲ್ಲಿಂದ ತರ್ತೀಯ?"

ರಾಮ್‌ಗುಲಾಮರನ್ನು ಕಡಿಮೆ ಮಾಡಲು ಇದನ್ನು ಬರೆಯುತ್ತಿಲ್ಲ. ಕೂಲಿಯವನ ಮಗ ಒಂದು ನಾಡನ್ನು ರಕ್ತಪಾತದ ಯುದ್ಧವಿಲ್ಲದೆ ಬಿಡಿಸಿದ್ದು, ಮಕ್ಕಳಿಗೆ ಉಚಿತ ಶಿಕ್ಷಣ ಕೊಟ್ಟದ್ದು ಸಣ್ಣ ಕೆಲಸವಲ್ಲ. ಇಲ್ಲಿನವರು 'ಚಾಚಾ' ಎಂದು ಕರೆಯುವುದು ಬರೀ ಬಾಯಿಮಾತಿಗಲ್ಲ. ಆದರೆ ಒಬ್ಬರ ಮುಖದಲ್ಲಿ ಎಲ್ಲರ ಕತೆ ಹಿಡಿಸುವುದಿಲ್ಲ. 1967ರ ಚುನಾವಣೆಯಲ್ಲಿ ನೂರಕ್ಕೆ 44ರಷ್ಟು ಮತ ಸ್ವಾತಂತ್ರ್ಯದ ವಿರುದ್ಧ ಬಿದ್ದಿತ್ತು. 1965ರಲ್ಲಿ ಚಾಗೋಸ್ ದ್ವೀಪಗಳನ್ನು ಮೂವತ್ತು ಲಕ್ಷ ಪೌಂಡಿಗೆ ಬ್ರಿಟನ್ ಕಿತ್ತುಕೊಂಡಿತು, ಅಲ್ಲಿನ ಜನರನ್ನು ಮುಂದಿನ ವರ್ಷಗಳಲ್ಲಿ ಹಡಗಿಗೆ ತುಂಬಿ ಹೊರಹಾಕಿದರು. ಬಿಡುಗಡೆಯ ಆ ಬೆಲೆ ತೆತ್ತವರ ಮುಖವೂ ಯಾವ ಕಾಸಿನ ಮೇಲೂ ಇಲ್ಲ. ಇದನ್ನು ಮಗಳಿಗೆ ಯಾವ ವಯಸ್ಸಿನಲ್ಲಿ ಹೇಳಬೇಕೋ ನನಗಿನ್ನೂ ತೋಚಿಲ್ಲ.

ಮರಳುವ ದಾರಿಯಲ್ಲಿ ಅವಳು ತಾತನ ತೊಡೆಯ ಮೇಲೆ ನಿದ್ದೆ ಹೋದಳು. ನನಗೆ ಭೋಜಪುರಿಯ ನೆನಪಾಗುತ್ತಿತ್ತು. ಅದು ರಾಮ್‌ಗುಲಾಮರ ಮನೆಮಾತು. 1834ರಿಂದ ದ್ವೀಪಕ್ಕೆ ಬಂದಿಳಿದ ನಾಲ್ಕು ಲಕ್ಷಕ್ಕೂ ಮೇಲಿನ ಕೂಲಿಗಳಲ್ಲಿ ಬಹುಪಾಲು ಜನರ ಮಾತು, ಸಭೆಗಳಲ್ಲಿ ಮತ ಕೇಳಿದ ಮಾತು. 2000ದ ಜನಗಣತಿಯಲ್ಲಿ ಮನೆಯಲ್ಲಿ ಭೋಜಪುರಿ ಆಡುತ್ತೇವೆ ಎಂದವರು ನೂರಕ್ಕೆ 12, 2011ರ ಹೊತ್ತಿಗೆ 5. ಮದುವೆಮನೆಯ ಗೀತ್ ಗವಾಯಿ ಹಾಡಿಗೆ 2016ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿತು, ಹಾಡುವ ಅಜ್ಜಿಯಂದಿರ ಮೊಮ್ಮಕ್ಕಳು ಕ್ರಿಯೋಲ್‌ನಲ್ಲಿ ಉತ್ತರಿಸುತ್ತಾರೆ. ದ್ವೀಪವನ್ನೇ ತುಂಬಿದ್ದ ನುಡಿಯ ಪಾಡು ಹೀಗಾದರೆ, ಬೆರಳೆಣಿಕೆಯ ನಮ್ಮ ಮನೆಗಳ ಕನ್ನಡ ಎಷ್ಟು ದಿನ? ಮಗಳು ಆ ಇಪ್ಪತ್ತು ನಿಮಿಷ ಕನ್ನಡದಲ್ಲಿ ಮಾತಾಡಿದ್ದು ತಾತನಿಗೆ ಬೇರೆ ಭಾಷೆ ಬರುವುದಿಲ್ಲವೆಂಬ ಒಂದೇ ಕಾರಣಕ್ಕೆ. ತಾತನಿಗೆ ಈಗ ಎಪ್ಪತ್ತೈದು.

ಹೊರಡುವ ದಿನ ಅವಳು ಆ ಹತ್ತು ರೂಪಾಯಿಯನ್ನು ತಾತನಿಗೇ ಕೊಟ್ಟಳು. ಅವರು ಅದನ್ನು ದೇವರ ಗೂಡಿನಲ್ಲಿ, ಪಿಂಚಣಿ ಪುಸ್ತಕದ ಮೇಲಿಟ್ಟರು. ಪ್ರತಿಯಾಗಿ ಏನು ಬೇಕೆಂದಾಗ, "ಇನ್ನೊಂದು ಕತೆ" ಎಂದಳು. ಈಗ ಭಾನುವಾರ ವಿಡಿಯೊ ಕರೆಯಲ್ಲಿ ಅಪ್ಪಾಜಿ ವಾರಕ್ಕೊಂದು ಹೇಳುತ್ತಾರೆ. ಕಳೆದ ವಾರ ರಾಜಾನುಕುಂಟೆಗೆ ಆ ಹೆಸರು ಹೇಗೆ ಬಂತು, ಕುಂಟೆ ಅಂದರೆ ಸಣ್ಣ ಕೆರೆ ಎಂದಾಯಿತು. ಕೆಲವು ಭಾನುವಾರ ಅವಳು ಬರುವುದಿಲ್ಲ. ಗೆಳತಿಯರ ಹುಟ್ಟುಹಬ್ಬ, ಕಡಲ ತೀರ. ನಾನು ಬಲವಂತ ಮಾಡುವುದಿಲ್ಲ. ಮಾಡಬೇಕೇನೋ ಎಂದೂ ಅನ್ನಿಸುತ್ತದೆ.

ಬಳಗದವರಲ್ಲಿ ಒಂದು ಕೋರಿಕೆ. ಬರುವ ಯುಗಾದಿಗೆ ಒಬ್ಬಟ್ಟಿನ ಜೊತೆಗೆ ಪ್ರತಿ ಮನೆಯಿಂದ ಒಂದು ಮಗು ತನ್ನ ಊರಿನ ಒಬ್ಬರ ಕತೆ ತರಲಿ. ಕಾಸಿನ ಮೇಲೆ ಮುಖವಿಲ್ಲದವರ ಕತೆಯಾದರೆ ಇನ್ನೂ ಒಳ್ಳೆಯದು. ಐದು ನಿಮಿಷ ಸಾಕು. ಕ್ರಿಯೋಲ್ ಬೆರೆತರೆ ಬೆರೆಯಲಿ, ಯಾರೂ ನಡುವೆ ತಿದ್ದುವುದು ಬೇಡ. ನಮ್ಮ ಮನೆಯಿಂದ ವಿದುರಾಶ್ವತ್ಥದ ಗೌರಮ್ಮ ಬರುತ್ತಾಳೆ. ನಿಮ್ಮ ಮನೆಯಿಂದ ಯಾರೆಂದು ತಿಳಿಯಲು ಊರಿಗೆ ಈ ವಾರವೇ ಫೋನ್ ಮಾಡಿ. ಹೇಳುವವರು ಇರುವಾಗಲೇ ಕೇಳಿಕೊಳ್ಳಿ.